ನೀಲಿ ಗೆರೆಯ ಮೇಲಿನ ಬಳ್ಳಿ

ಬೆಳಿಗ್ಗೆ ಒಂಬತ್ತೂವರೆಗೆ ಸೊಸೆ ಅತ್ತೆಯ ಬಳ್ಳಿಯನ್ನು ಕತ್ತರಿಸಿದಳು. ಕೆಲಸ ಮುಗಿದಾಗ ಹಿತ್ತಿಲ ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಒಂದಿಷ್ಟು ಕಂದು ಮೋಟುಗಳು ಉಳಿದಿದ್ದವು. ಅಡುಗೆಮನೆಯ ಕಿಟಕಿ ದಾಟಿ ಚಾವಣಿಯ ಮೇಲೆಲ್ಲ ಹಬ್ಬಿದ್ದ ಮಿಕ್ಕ ಬಳ್ಳಿ ಗೋಣಿಚೀಲಗಳಲ್ಲಿ ತುಂಬಿ ಹಿಂಬಾಗಿಲ ಪಕ್ಕ ಕೂತಿತ್ತು. ನೆಲವನ್ನೂ ಗುಡಿಸಿ ಆಗಿತ್ತು.

ಅವಳು ಸಿಟ್ಟಿನಿಂದ ಕಡಿದದ್ದಲ್ಲ. ಅಸಡ್ಡೆಯಿಂದಲೂ ಅಲ್ಲ. ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಗೆರೆ ಇತ್ತು.

ಆ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಅತ್ತೆ ಹೊಲಿಯುತ್ತಿದ್ದುದು ಕೋಟುಗಳನ್ನು. ಬೀದಿಯವರೆಲ್ಲ ಅವರನ್ನು ಕೋಟಿನಮ್ಮ ಎಂದೇ ಕರೆಯುತ್ತಿದ್ದರು. ಅಳತೆ ಹಾಕಿ ಬಟ್ಟೆಯ ಮೇಲೆ ಗೆರೆ ಎಳೆಯುವುದು ಅತ್ತೆ, ಗೆರೆಯ ಮೇಲೆ ಕತ್ತರಿ ಆಡಿಸುವುದು ಸೊಸೆ. ಗೆರೆಯ ಎರಡೂ ತುದಿಗೆ ಒಂದೊಂದು ಪುಟ್ಟ ಅಡ್ಡಗೀಟು ಬಿದ್ದಿದ್ದರೆ ಅಳತೆ ಮುಗಿದಿದೆ, ಕತ್ತರಿಸಬಹುದು ಎಂದರ್ಥ. ಆಮೇಲೆ ಮಾತಿಲ್ಲ. 'ಇಲ್ಲೇನಾ ಅತ್ತೆ?' ಎಂದು ಎದುರಿಗೆ ಕೂತ ಗಿರಾಕಿಯ ಮುಂದೆ ಕೇಳಿದರೆ ಅವನ ಜೀವ ಬಾಯಿಗೆ ಬರುತ್ತದೆ, ಅಂಗಡಿಯ ಮಾನ ಬೀದಿಗೆ ಬರುತ್ತದೆ ಎಂಬುದು ಅತ್ತೆಯ ಸಿದ್ಧಾಂತ. ಸೊಸೆ ಬಂದ ಮೊದಲ ತಿಂಗಳಲ್ಲೇ ಅದನ್ನು ಕಲಿತಿದ್ದಳು.

ಗೋಡೆಯ ಮೇಲಿನ ಗೆರೆ ಅತ್ತೆಯ ಕೈಯದೇ. ಮರದ ಸ್ಕೇಲು ಹಿಡಿದು ಎಳೆದದ್ದು, ನೆಟ್ಟಗೆ, ಬಳ್ಳಿಯ ಹಿಂದಿನಿಂದ ಹಾದು ಆ ಕಡೆ ಹೊರಬಂದಿತ್ತು. ಎರಡು ತುದಿಗೂ ಅಡ್ಡಗೀಟು. ಹಿಂದಿನ ಸಂಜೆ ಇರಲಿಲ್ಲ. ಅತ್ತೆ ಬೆಳಕು ಹರಿಯುವ ಮೊದಲೇ ಮಗನ ಜೊತೆ ಕಣ್ಣಾಸ್ಪತ್ರೆಗೆ ಹೊರಟುಹೋಗಿದ್ದರು.

ಸೊಸೆ ಗೆರೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಚಳಿಗಾಲದ ಕೊನೆ. ಬಳ್ಳಿಯಲ್ಲಿ ಒಂದು ಎಲೆ ಇರಲಿಲ್ಲ. ಮುಟ್ಟಿದರೆ ಹಳೆಯ ಪೊರಕೆಯಂತೆ ಪಟಪಟ ಅನ್ನುತ್ತಿತ್ತು. ಹೋಗುವ ಮುನ್ನ ಒಂದು ಮಾತು ಹೇಳಬಾರದಿತ್ತೇ ಅಂದುಕೊಂಡಳು. ಬಾಯಿಬಿಟ್ಟು ಹೇಳುವುದು ಕಷ್ಟವಾಗಿರಬೇಕು, ಅದಕ್ಕೇ ಗೆರೆ ಎಳೆದು ಹೋಗಿದ್ದಾರೆ ಎಂದು ತಾನೇ ಸಮಾಧಾನವನ್ನೂ ಹೇಳಿಕೊಂಡಳು. ಕಣ್ಣು ಮಂಜಾದ ಮೇಲೆ ಅವರಿಗೆ ಈ ಬಳ್ಳಿಯಿಂದ ಏನು ಸುಖ? ಮೊಳೆಗೆ ನೇತುಹಾಕಿದ್ದ ಗಿಡದ ಕತ್ತರಿ ತಂದಳು. ಬಟ್ಟೆಯ ಕತ್ತರಿ ಆ ಮನೆಯಲ್ಲಿ ಕಾಗದವನ್ನೂ ಮುಟ್ಟುವಂತಿಲ್ಲ. ಒಂದೊಂದೇ ಕಡ್ಡಿಯನ್ನು ಗೆರೆಗೆ ಸರಿಯಾಗಿ ಹಿಡಿದು ಕತ್ತರಿಸಿದಳು, ಲಂಗದ ಅಂಚು ಕತ್ತರಿಸಿದಷ್ಟೇ ಜಾಗ್ರತೆಯಿಂದ.

ಆ ಬಳ್ಳಿಗೂ ಆ ಮನೆಯಲ್ಲಿ ಅವಳಷ್ಟೇ ವಯಸ್ಸು. ಅವಳು ಸೊಸೆಯಾಗಿ ಬಂದ ವರ್ಷ ಅತ್ತೆ ಸಸಿಮಾರುವವಳ ಹತ್ತಿರ ಅದನ್ನು ತಂದು ನೆಟ್ಟಿದ್ದರು. ಸಸಿಗೆ ಕಟ್ಟಿದ್ದ ಚೀಟಿಯಲ್ಲಿ 'ಕ್ಲೆಮಾಟಿಸ್, ಚಳಿಗೆ ಜಗ್ಗದ ಜಾತಿ' ಎಂದಿತ್ತು. ಜಗ್ಗಲಿಲ್ಲ. ಹಿಮ ಬಿದ್ದ ವರ್ಷವೂ ಬದುಕಿತು. ನಡುಬೇಸಿಗೆಗೆ ಅಂಗೈ ಅಗಲದ ಕಡುನೇರಳೆ ಹೂಗಳನ್ನು ಬಿಡುತ್ತಿತ್ತು. ದಿನವಿಡೀ ಬಟ್ಟೆ ಕತ್ತರಿಸುವ ಮನೆಯಲ್ಲಿ ಅದಕ್ಕೆ ಮಾತ್ರ ಯಾರೂ ಕತ್ತರಿ ಇಟ್ಟಿರಲಿಲ್ಲ. ಅತ್ತೆ ಕೈಗೆಟಕುವ ಒಣ ಎಲೆಯನ್ನು ಉಗುರಲ್ಲೇ ಚಿವುಟಿ ತೆಗೆಯುತ್ತಿದ್ದರು, ಅಷ್ಟೇ.

ಮಧ್ಯಾಹ್ನ ತಾಯಿ ಮಗ ಹಿಂತಿರುಗಿದರು. ಮಗ ಲಿಫ್ಟ್ ರಿಪೇರಿಯವನು. ತಾಯಿಯ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತ, "ಗ್ರೌಂಡ್ ಫ್ಲೋರ್, ಬಾಗಿಲು ತೆರೆಯುತ್ತಿದೆ" ಎಂದು ಯಂತ್ರದ ದನಿಯಲ್ಲಿ ಕೂಗಿದ. ಕಪ್ಪು ಕನ್ನಡಕದ ಅತ್ತೆ ನಗುತ್ತಲೇ ಒಳಗೆ ಬಂದು, ತಮ್ಮ ಹೊಲಿಗೆ ಯಂತ್ರದ ಸ್ಟೂಲನ್ನು ಕೈಯಲ್ಲಿ ಹುಡುಕಿ ಕೂತರು.

"ಏನಂದ್ರು ಅತ್ತೆ?"

"ಏನಿದೆ ಹೇಳೋದಕ್ಕೆ. ಬಲಗಣ್ಣಿನ ನಡುಮಧ್ಯ ಹೋಯ್ತು. ಎಡಗಣ್ಣೂ ಅದೇ ದಾರಿ ಹಿಡಿದಿದೆಯಂತೆ. ಬದಿಯಲ್ಲಿ ಒಂಚೂರು ಕಾಣ್ತಾ ಇರುತ್ತಂತೆ. ನಾನು ಡಾಕ್ಟರಮ್ಮನ್ನ ಒಂದೇ ಕೇಳಿದೆ, ಈ ಬೇಸಿಗೆ ಹೂ ನೋಡಬಹುದಾ ಅಂತ. ಈ ಬೇಸಿಗೆ ನೋಡ್ತೀರಿ, ಮುಂದಿನದಕ್ಕೆ ನಾನು ಮಾತು ಕೊಡಲಾರೆ ಅಂದರು." ಅತ್ತೆ ಕೋಟಿನ ಗುಂಡಿ ಬಿಚ್ಚುತ್ತ ಮುಂದುವರಿಸಿದರು. "ಅಷ್ಟು ಸಾಕು ಕಣೇ. ಒಂದು ಸಲ ಕಣ್ತುಂಬ ನೋಡಿಬಿಟ್ಟರೆ ಆಮೇಲೆ ನೆನಪಲ್ಲೇ ಕಾಲ ಹಾಕಬಹುದು."

ಸೊಸೆಗೆ ಮುಚ್ಚಿಡುವ ಯೋಚನೆ ಬರಲಿಲ್ಲ. ಹಾಗೆ ಮುಚ್ಚಿಡುವುದಕ್ಕೆ ಹಿತ್ತಿಲೇನು ದೂರವಿರಲಿಲ್ಲ.

"ಅತ್ತೆ, ಬಳ್ಳಿ ಕತ್ತರಿಸಿಬಿಟ್ಟೆ."

"ಯಾವ ಬಳ್ಳಿ?"

"ನಿಮ್ಮ ಬಳ್ಳಿ. ನೀವು ಗೆರೆ ಎಳೆದಿದ್ರಿ. ಎರಡೂ ಕಡೆ ಗೀಟು ಹಾಕಿದ್ರಿ."

ಮಗ ಹಣೆ ಚಚ್ಚಿಕೊಂಡ. "ಅಯ್ಯೋ, ಅದು ಮೇಸ್ತ್ರಿಗೆ ಎಳೆದ ಗೆರೆ ಕಣೇ! ಗೋಡೆಗೆ ಎಲ್ಲಿವರೆಗೆ ತೇವ ಹತ್ತಿದೆ, ಎಲ್ಲಿವರೆಗೆ ಗಾರೆ ಕೆತ್ತಿ ಹೊಸದಾಗಿ ಹಾಕಬೇಕು ಅಂತ. ಇವತ್ತು ಮಧ್ಯಾಹ್ನ ಬರ್ತಾನೆ ಅವನು. ನಿನಗೆ ಹೇಳು ಅಂದಿದ್ರು ಅಮ್ಮ..."

"ನೀವು ಹೇಳಲಿಲ್ಲ."

"ಮರೆತೆ. ಆದರೂ ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋದಾ? ಗೋಡೆ ಮೇಲೆ ಗೆರೆ ಕಂಡರೆ ಗೋಡೆನೂ ಕತ್ತರಿಸ್ತಿದ್ದೆಯೇನೋ."

"ಸುಮ್ಮನಿರೋ" ಎಂದರು ಅತ್ತೆ. "ನಿನ್ನ ಬಾಯಿ ಬೆಳಿಗ್ಗೆ ಎಲ್ಲಿ ಹೋಗಿತ್ತು?"

ಎದ್ದು ಹಿತ್ತಿಲಿಗೆ ನಡೆದರು. ಯಾರ ಕೈಯನ್ನೂ ಹಿಡಿಯಲಿಲ್ಲ. ಗೋಡೆಯನ್ನು ಸವರುತ್ತ ಹೋಗಿ, ಬಾಗಿ, ಮೋಟುಗಳ ತುದಿಯನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಮುಟ್ಟಿದರು. ಕೊನೆಯ ಮೋಟಿನ ಮೇಲೆ ಬೆರಳು ತಡೆದು ನಿಂತಿತು. ಸೊಸೆ ಬೈಗುಳಕ್ಕೆ ಕಾದಳು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಒಂದೂ ಏರುಪೇರಿಲ್ಲ. ಚೆನ್ನಾಗೇ ಕತ್ತರಿಸಿದ್ದೀಯ" ಎಂದರು ಅತ್ತೆ. ಬೆರಳಿನ ಧೂಳು ಒರೆಸಿಕೊಂಡು, "ಗೀಟು ಹಾಕಬಾರದಿತ್ತು ನಾನು. ಕೈ ಕೇಳಲಿಲ್ಲ. ಇಷ್ಟು ವರ್ಷದ ಚಾಳಿ. ಗೆರೆ ನಂದು, ಕತ್ತರಿ ನಿಂದು. ಇದರಲ್ಲಿ ನಿನ್ನ ತಪ್ಪೇನು ಬಂತು?" ಎಂದರು.

ಈ ಮಾತನ್ನು ಸೊಸೆ ಹಿಂದೆ ಒಮ್ಮೆ ಕೇಳಿದ್ದಳು. ಬಂದ ಹೊಸತರಲ್ಲಿ ಒಬ್ಬ ಗಿರಾಕಿಯ ಉಣ್ಣೆ ಬಟ್ಟೆಯಲ್ಲಿ ಎರಡು ತೋಳನ್ನೂ ಎಡಗೈಗೇ ಕತ್ತರಿಸಿಟ್ಟಿದ್ದಳು. ಬಟ್ಟೆ ಮಗುಚುವುದನ್ನು ಮರೆತಿದ್ದಳು. ತಪ್ಪು ನೂರಕ್ಕೆ ನೂರು ಅವಳದೇ. ಗಿರಾಕಿ ಕೆಂಡವಾಗಿ, "ಈ ಹುಡುಗಿಗೆ ಯಾರು ಕತ್ತರಿ ಕೊಟ್ಟವರು?" ಎಂದು ಗುಡುಗಿದ್ದ. ಅತ್ತೆ ಯಂತ್ರ ನಿಲ್ಲಿಸಿ, ತಲೆ ಎತ್ತಿ, "ಗೆರೆ ನಂದು, ಕತ್ತರಿ ಅವಳದ್ದು. ಬೈಯೋದಿದ್ದರೆ ಇಲ್ಲಿ ಬೈಯಿರಿ" ಎಂದಿದ್ದರು. ಅವನು ಬೈದ. ಅತ್ತೆ ಕೇಳಿಸಿಕೊಂಡರು. ಮರುದಿನ ಅವಳ ಕೈಗೆ ಅದೇ ಕತ್ತರಿ ಕೊಟ್ಟು ಇನ್ನೊಂದು ಕೋಟಿನ ಬಟ್ಟೆ ಮುಂದಿಟ್ಟರು. ತವರಲ್ಲಿ ಹರಿದ ತೋಳಿಗೆ ಎರಡು ಹೊಲಿಗೆ ಹಾಕಲೂ ಬಾರದಿದ್ದವಳು ಇವತ್ತು ಅಂಗಡಿ ನಡೆಸುತ್ತಿದ್ದರೆ, ಅದರ ಮೊದಲ ಹೊಲಿಗೆ ಬಿದ್ದದ್ದು ಆ ಬೆಳಿಗ್ಗೆ.

ಈಗ ಪ್ರತಿದಿನ ಅಂಗಡಿ ತೆರೆಯುವ ಮುನ್ನ ಅವಳು ಒಂದು ಕೆಲಸ ಮಾಡುತ್ತಿದ್ದಳು. ಸೂಜಿಗಳಿಗೆಲ್ಲ ದಾರ ಪೋಣಿಸಿ ಅತ್ತೆಯ ಸೂಜಿದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದಳು. ಅತ್ತೆ ಒಂದೊಂದಾಗಿ ಎಳೆದುಕೊಂಡು ಗುಂಡಿ ಹೊಲಿಯುತ್ತಿದ್ದರು. ದಾರ ಪೋಣಿಸಿಕೊಡು ಎಂದು ಅವರು ಕೇಳಿರಲಿಲ್ಲ. ಪೋಣಿಸಿಟ್ಟಿದ್ದೇನೆ ಎಂದು ಇವಳೂ ಹೇಳಿರಲಿಲ್ಲ.

ಮೇಸ್ತ್ರಿ ಮೂರು ಗಂಟೆಗೆ ಬಂದ. ಗೆರೆ ನೋಡಿದ, ಮೋಟು ನೋಡಿದ, ಚೀಲ ನೋಡಿದ.

"ಇದನ್ನ ಪಕ್ಕಕ್ಕೆ ಸರಿಸಿ ಕೆಲಸ ಮಾಡೋದು ಹೇಗಪ್ಪಾ ಅಂತ ದಾರಿಯುದ್ದಕ್ಕೂ ಯೋಚಿಸ್ಕೊಂಡು ಬಂದೆ. ನೀವು ಸುಲಭ ಮಾಡಿಬಿಟ್ಟಿದ್ದೀರಿ" ಎಂದ. ಯಾರೂ ನಗಲಿಲ್ಲ. ಅವನಿಗೆ ಅರ್ಥವಾಯಿತು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದು ಗೊಣಗಿಕೊಂಡು, ಎತ್ತರದ ಹಳೆಯ ಬಕೆಟ್ಟೊಂದನ್ನು ಕೇಳಿ ಪಡೆದು ಮೋಟುಗಳ ಮೇಲೆ ಬೋರಲು ಹಾಕಿದ. ಸಿಮೆಂಟಿನ ನೀರು ಬೇರಿಗೆ ಇಳಿಯದಂತೆ ಸುತ್ತ ಮಣ್ಣಿನ ಒಡ್ಡು ಕಟ್ಟಿದ. ಅದು ಅವನಿಗೆ ಹೇಳಿದ ಕೆಲಸವಲ್ಲ. ಸೊಸೆ ಅವನಿಗೆ ಚಹಾ ಎರಡು ಸಲ ಕೊಟ್ಟಳು.

ಮಾರನೆಯ ಬೆಳಿಗ್ಗೆ ಅವಳು ಕತ್ತರಿಸಿದ ಕಡ್ಡಿಯೊಂದನ್ನು ಚೀಲದಲ್ಲಿಟ್ಟುಕೊಂಡು ಸಸಿ ಮಾರುವ ಅಂಗಡಿಗೆ ಹೋದಳು. ಅದೇ ಜಾತಿಯ ದೊಡ್ಡ ಗಿಡ ಸಿಕ್ಕಿದರೆ ತಂದು ನೆಟ್ಟುಬಿಡುವ ಯೋಚನೆ. ಸಸಿಮಾರುವವಳು ಕೈಗವಸು ಕಳಚಿ ಕಡ್ಡಿಯನ್ನು ತಿರುಗಿಸಿ ನೋಡಿದಳು.

"ಹೂ ಯಾವಾಗ ಬಿಡ್ತಿತ್ತು? ಚಳಿ ಮುಗೀತಿದ್ದ ಹಾಗೇನಾ, ಬೇಸಿಗೇಲಾ?"

"ನಡುಬೇಸಿಗೆ."

"ಎಲ್ಲಿ ಬಿಡ್ತಿತ್ತು? ಕೆಳಗಾ, ಮೇಲಾ?"

"ಮೇಲೆ. ಚಾವಣಿ ಮೇಲೆ. ಕೆಳಗೆ ಬರೀ ಕಡ್ಡಿ."

"ಆಗಲೇಬೇಕು. ಇದು ಹೊಸ ಕಡ್ಡಿಗೆ ಹೂ ಬಿಡೋ ಜಾತಿ. ಪ್ರತಿ ವರ್ಷ ಚಳಿಗಾಲದ ಕೊನೇಲಿ ಕತ್ತರಿಸಬೇಕು. ಕತ್ತರಿಸದಿದ್ರೆ ಮೇಲಕ್ಕೇ ಹೋಗ್ತಾ ಇರುತ್ತೆ. ಎಷ್ಟೆತ್ತರಕ್ಕೆ ಕತ್ತರಿಸಿದ್ರಿ?"

ಸೊಸೆ ತನ್ನ ಮೊಣಕಾಲು ತೋರಿಸಿದಳು.

"ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ತಪ್ಪಾಗಿ ಕತ್ತರಿಸಿದ್ದು."

ಸಸಿಮಾರುವವಳಿಗೆ ನಗು ಬಂತು. ಆದರೆ ಬಂದವಳ ಮುಖ ನೋಡಿ ನಗು ನುಂಗಿಕೊಂಡಳು. "ನಿಮಗೆ ಸುಳ್ಳು ಧೈರ್ಯ ಹೇಳಲ್ಲಮ್ಮ. ಎಳೇ ಬಳ್ಳಿ ಆಗಿದ್ರೆ ಖಂಡಿತ ಚಿಗುರುತ್ತೆ ಅಂತಿದ್ದೆ. ಇಷ್ಟು ವರ್ಷ ಕತ್ತರಿನೇ ಕಾಣದ ಮುದಿ ಮೋಟು ಕೆಲವೊಮ್ಮೆ ಚಿಗುರಲ್ಲ. ಆಳವಾಗಿ ನೆಟ್ಟಿದ್ರೆ ಮಣ್ಣೊಳಗಿಂದ ಬರಬಹುದು. ಬುಡಕ್ಕೆ ನೆರಳಿರಲಿ, ತಲೆಗೆ ಬಿಸಿಲಿರಲಿ. ಹೊಸ ಗಿಡ ಈಗಲೇ ಬೇಡ. ನೆಟ್ಟ ಮೊದಲ ವರ್ಷ ಅದು ಹೇಳಿಕೊಳ್ಳೋ ಹಾಗೆ ಹೂ ಬಿಡಲ್ಲ."

ಈ ವರ್ಷವೇ ಬೇಕಿತ್ತು ಎಂದು ಸೊಸೆ ಹೇಳಲಿಲ್ಲ. ಕಡ್ಡಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಬಂದಳು.

ಮೇಸ್ತ್ರಿಯ ಕೆಲಸ ಮುಗಿಯಿತು. ನೀಲಿ ಗೆರೆಯವರೆಗೆ ಹೊಸ ಗಾರೆ, ಅದರ ಮೇಲೆ ಹಳೆಯದು. ಎರಡರ ನಡುವೆ ಬೆರಳಿಗೆ ಸಿಗುವಷ್ಟು ದಪ್ಪದ ಅಂಚೊಂದು ಉಳಿಯಿತು. ಮೇಸ್ತ್ರಿ ಅದನ್ನು ಉಜ್ಜಿ ಸಮ ಮಾಡುತ್ತೇನೆ ಎಂದ. ಅತ್ತೆ ಇರಲಿ ಬಿಡಪ್ಪ ಎಂದರು. ಸೊಸೆ ಬಕೆಟ್ಟು ತೆಗೆದು, ಬುಡದ ಮೇಲೆ ನೆರಳಿಗೆಂದು ಚಪ್ಪಟೆ ಕಲ್ಲುಗಳನ್ನಿಟ್ಟು ನೀರು ಹಾಕಿದಳು. ದಿನವೂ ಹೋಗಿ ನೋಡಿದಳು. ಮೋಟುಗಳು ಮೋಟುಗಳಂತೆಯೇ ಇದ್ದವು. ಪಕ್ಕದ ಮನೆಯ ಹಿತ್ತಿಲಲ್ಲಿ ಗುಲಾಬಿ ಚಿಗುರಿತು, ಬೀದಿಯ ಮರಗಳು ಚಿಗುರಿದವು. ಗಂಡ ಹಿಂಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತ, "ಇದಕ್ಕೆ ಕರೆಂಟು ಹೋಗಿದೆ ಕಣೇ" ಎಂದ. ಅವಳು ತಿರುಗಿ ನೋಡಿದ್ದಕ್ಕೆ ಬಾಯಿ ಮುಕ್ಕಳಿಸುವ ನೆಪದಲ್ಲಿ ಒಳಗೆ ಹೋದ.

ಅವಳಿಗೆ ಕಾಣದ್ದು ಸಿಕ್ಕಿದ್ದು ಅತ್ತೆಯ ಬೆರಳಿಗೆ. ಒಂದು ಮಧ್ಯಾಹ್ನ ಬಿಸಿಲಿಗೆಂದು ಹಿತ್ತಿಲಲ್ಲಿ ಕೂತವರು ಕೈಯಾಡಿಸುತ್ತ, "ಬಾರೇ ಇಲ್ಲಿ. ಈ ಕಡ್ಡಿಗೆ ಯಾರೋ ಗುಂಡಿ ಹೊಲಿದಿದ್ದಾರೆ" ಎಂದು ಕೂಗಿದರು. ಸೊಸೆ ಮೊಣಕಾಲೂರಿ ನೋಡಿದಳು. ಮೋಟಿನ ಗಿಣ್ಣಿನ ಎರಡು ಪಕ್ಕಕ್ಕೂ ಎರಡು ಮೊಗ್ಗುಚಿಗುರು, ಬೂದುಬಣ್ಣದ ನವಿರು ಹೊದ್ದು, ಕೋಟಿನ ತೋಳಿನ ಗುಂಡಿಗಿಂತಲೂ ಸಣ್ಣದು. ಇನ್ನೊಂದು ಮೋಟಿನಲ್ಲಿ ಏನೂ ಇರಲಿಲ್ಲ. ಮೂರನೆಯದರ ಪಕ್ಕದಲ್ಲಿ ಕಲ್ಲು ಸರಿಸಿದರೆ ಮಣ್ಣೊಳಗಿಂದ ಕೆನ್ನೇರಳೆ ಮೊಳಕೆಯೊಂದು ಮೂತಿ ಹೊರಹಾಕಿತ್ತು.

"ಆಳವಾಗಿ ನೆಟ್ಟಿದ್ರಾ ಅತ್ತೆ?"

"ಗುಂಡಿ ಜಾಸ್ತಿ ತೋಡಿಬಿಟ್ಟಿದ್ದೆ. ಮತ್ತೆ ಮಣ್ಣು ತುಂಬೋದಕ್ಕೆ ಸೋಮಾರಿತನ, ಹಾಗೇ ಇಳಿಸಿದೆ. ನಿನ್ನ ಮಾವ ಅದನ್ನೇ ಹೇಳಿ ಹೇಳಿ ಬೈದಿದ್ದರು, ಗಿಡ ನೆಟ್ಟೆಯೋ ಹೂತೆಯೋ ಅಂತ."

ಅಲ್ಲಿಂದ ಮುಂದೆ ಹಿತ್ತಿಲು ಅಂಗಡಿಯ ಎರಡನೆಯ ಕೋಣೆಯಾಯಿತು. ಈ ಬಳ್ಳಿ ಎಲೆಯ ತೊಟ್ಟಿನಿಂದಲೇ ಸುತ್ತಿ ಹಿಡಿದು ಹತ್ತುವಂಥದ್ದು, ದಪ್ಪ ಕಂಬ ಕೊಟ್ಟರೆ ಅದಕ್ಕೆ ಹಿಡಿಯಲಾಗದು. ಸೊಸೆ ಗೋಡೆಗೆ ಮೊಳೆ ಹೊಡೆದು, ಕೋಟಿಗೆ ಗುಂಡಿ ಹೊಲಿಯುವ ಗಟ್ಟಿದಾರವನ್ನು ಮೇಲಿಂದ ಕೆಳಗೆ, ಅಡ್ಡಡ್ಡ ಬಿಗಿದಳು. ಚಿಗುರು ದಾರ ಮುಟ್ಟಿದ ಮಾರನೆಯ ದಿನವೇ ತೊಟ್ಟು ಒಂದು ಸುತ್ತು ಹಾಕಿರುತ್ತಿತ್ತು. "ಗಂಟು ಹಾಕೋದನ್ನ ನಿನಗಿಂತ ಬೇಗ ಕಲಿತಿದೆ" ಎಂದರು ಅತ್ತೆ. ಒಂದು ಚಿಗುರನ್ನು ಬಸವನಹುಳು ಮೇಯ್ದಿತು. ಇನ್ನೊಂದು, ಗಂಡ ಏಣಿ ತೆಗೆಯುವಾಗ ತಗುಲಿ ಟಿಸಕ್ಕನೆ ಮುರಿಯಿತು. "ಜನರನ್ನ ಹತ್ತನೇ ಮಹಡಿಗೆ ಎತ್ತೋರು ನೀವು, ಒಂದು ಏಣಿ ಎತ್ತೋದಕ್ಕೆ ಬರಲ್ವಾ?" ಎಂದಳು ಸೊಸೆ. ಅವನು ಆ ವಾರವಿಡೀ ಹಿತ್ತಿಲಿಗೆ ಬೆಕ್ಕಿನ ಹೆಜ್ಜೆಯಲ್ಲಿ ಬಂದ.

ಬೇಸಿಗೆ ಏರಿತು. ಬಳ್ಳಿ ಕಿಟಕಿಯ ಕೆಳಗಂಚು ಮುಟ್ಟಿತು. ಅತ್ತೆಯ ಎಡಗಣ್ಣು ಕೂಡ ಅದೇ ವೇಗದಲ್ಲಿ ಇಳಿಯುತ್ತಿತ್ತು. ಅವರು ಈಗ ಕತ್ತರಿಸಿದ ಬಟ್ಟೆಯ ಬಣ್ಣ ಕೇಳಿ ತಿಳಿಯುತ್ತಿದ್ದರು. ಯಾರ ಮುಖವನ್ನೂ ನೇರವಾಗಿ ನೋಡದೆ ಕಿವಿಯ ಕಡೆಗೆ ನೋಡುತ್ತಿದ್ದರು. ನೇರ ನೋಡಿದರೆ ಅಲ್ಲಿ ಬರಿಯ ಮಸಿ. ಸೊಸೆ ಮೊಗ್ಗು ಹುಡುಕುತ್ತ ಎಲೆ ಮಗುಚುತ್ತಿದ್ದಳು. ಮೊದಲು ಬರುವುದು ಹೂವೋ, ಅತ್ತೆಯ ಕಣ್ಣಿಗೆ ಕತ್ತಲೆಯೋ ಎಂಬುದು ಅವಳ ಮನಸ್ಸಿನಿಂದ ಹೋಗುತ್ತಿರಲಿಲ್ಲ.

ಮೊಗ್ಗು ಬಂದದ್ದು ಎದೆಯೆತ್ತರದಲ್ಲಿ. ಹೂ ಅರಳಿದ ಬೆಳಿಗ್ಗೆ ಅಂಗಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಸೊಸೆ ಸೂಜಿದಿಂಬು ಕೆಳಗಿಟ್ಟು ಅತ್ತೆಯ ತೋಳು ಹಿಡಿದು ಕರೆದುಕೊಂಡು ಬಂದಳು. ಅತ್ತೆ ಗೋಡೆಗೆ ಹತ್ತಿರ ನಿಂತು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹಿಂದಕ್ಕೆಳೆದು, ಮತ್ತೆ ವಾಲಿಸಿ ನೋಡಿದರು.

"ಕಾಣ್ತಿದೆಯಾ ಅತ್ತೆ?"

"ಓರೆಗಣ್ಣಲ್ಲಿ ಕಾಣ್ತಿದೆ. ಈ ವಯಸ್ಸಲ್ಲಿ ಓರೆನೋಟ ಬೇರೆ, ನೋಡಿದವರು ಏನಂದುಕೊಳ್ಳಬೇಕು." ದಳದ ಮೇಲೆ ಬೆರಳಿನ ಹಿಂಬದಿ ಆಡಿಸಿದರು, ಬಟ್ಟೆಯ ನವಿರು ಯಾವ ಕಡೆಗೆ ಬಿದ್ದಿದೆ ಎಂದು ನೋಡುವ ಹಾಗೆ. "ಮಖಮಲ್ಲು ಕಣೇ. ನಡುವೆ ಕೆಂಪು ಗೆರೆ ಬೇರೆ ಇದೆ. ಇದಕ್ಕೆ ಕೆಂಪು ಗೆರೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ."

"ಇಷ್ಟು ವರ್ಷ ನೋಡಿದ್ದೀರಲ್ಲ?"

"ಎಲ್ಲಿ ನೋಡಿದೆ? ಇದು ಚಾವಣಿ ಮೇಲೆ ಆಕಾಶ ನೋಡ್ಕೊಂಡು ಬಿಡ್ತಿತ್ತು, ನಾನು ಕೆಳಗೆ ನಿಂತು ಅದರ ಹೊಟ್ಟೆ ನೋಡ್ತಿದ್ದೆ. ಹೋದ ವರ್ಷ ಅದೂ ಇಲ್ಲ. ಬಿಟ್ಟಿದೆಯಾ ಅಂತ ನಿನ್ನ ಕೇಳ್ತಿದ್ದೆ. ತುಂಬಾ ಬಿಟ್ಟಿದೆ ಅಂತಿದ್ದೆ ನೀನು."

ಅದು ನಿಜ. ಇಬ್ಬರಿಗೂ ಈಗ ಒಂದೇ ವಿಷಯ ಹೊಳೆಯಿತು. ಡಾಕ್ಟರು ಕೊಟ್ಟ ಈ ಬೇಸಿಗೆಯೂ, ಬಳ್ಳಿ ಹಾಗೇ ಇದ್ದಿದ್ದರೆ, ಚಾವಣಿಯ ಮೇಲೆಯೇ ಕಳೆದುಹೋಗುತ್ತಿತ್ತು.

"ನೀನು ಆವತ್ತು ಇಲ್ಲೇನಾ ಅತ್ತೆ ಅಂತ ಕೇಳಿದ್ದಿದ್ರೆ ಬೇಡ ಅಂತಿದ್ದೆ. ಕೇಳಲಿಲ್ಲವಲ್ಲ, ನನ್ನ ಪುಣ್ಯ" ಎಂದರು ಅತ್ತೆ.

"ಕೇಳಬಾರದು ಅಂತ ಕಲಿಸಿದ್ದು ನೀವೇ." ಸೊಸೆಗೆ ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಅನ್ನಿಸಿತು. "ಅತ್ತೆ, ಆ ಎರಡು ಎಡಗೈ ತೋಳು ನೆನಪಿದೆಯಾ? ಅವತ್ತು ನೀವು ನನ್ನ ಕಡೆ ನಿಲ್ಲದಿದ್ದರೆ..."

"ಯಾವ ತೋಳು?" ಎಂದರು ಅತ್ತೆ, ಹೂವಿನಿಂದ ಮುಖ ತೆಗೆಯದೆ.

ನಿಜವಾಗಿ ಮರೆತಿದ್ದರೋ, ಮರೆತಂತೆ ಮಾಡಿದರೋ, ಗೊತ್ತಾಗಲಿಲ್ಲ. ಅವರು ಸ್ಟೂಲು ತರಿಸಿಕೊಂಡು ಅಲ್ಲೇ ಕೂತರು. ಆ ದಿನ ಗುಂಡಿ ಹೊಲಿಯುವ ಕೆಲಸ ಹಿತ್ತಿಲಲ್ಲೇ ನಡೆಯಿತು. ಅಳತೆ ಕೊಡಲು ಬಂದ ಗಿರಾಕಿಗಳನ್ನೂ ಗಂಡ ಹಿತ್ತಿಲಿಗೇ ಕರೆತಂದು, "ಹೂವಿನ ಮಹಡಿ" ಎಂದು ಕೂಗಿ ಬಿಟ್ಟುಹೋಗುತ್ತಿದ್ದ. ಗಾರೆ ಹೇಗಿದೆ ನೋಡಲು ಬಂದ ಮೇಸ್ತ್ರಿ ಗಾರೆ ನೋಡುವುದನ್ನು ಬಿಟ್ಟು ಹೂ ನೋಡಿಕೊಂಡು ಹೋದ. ಸಸಿಮಾರುವವಳಿಗೆ ಸೊಸೆ ಒಂದು ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಲುಪಿಸಿ ಬಂದಳು.

ಮುಂದಿನ ಚಳಿಗಾಲದ ಹೊತ್ತಿಗೆ ಅತ್ತೆಗೆ ಬೆಳಕು ಮತ್ತು ನೆರಳು ಮಾತ್ರ ಉಳಿದವು. ಚಳಿ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಅವರು ನೀಲಿ ಸೀಮೆಸುಣ್ಣ ಕೇಳಿ ಪಡೆದು ಹಿತ್ತಿಲಿಗೆ ಹೋದರು. ಮೇಸ್ತ್ರಿ ಉಳಿಸಿಹೋಗಿದ್ದ ಗಾರೆಯ ಅಂಚನ್ನು ಎಡಗೈ ಬೆರಳಲ್ಲಿ ಹಿಡಿದು, ಅದರ ಗುಂಟ ಗೆರೆ ಎಳೆದು, ಎರಡೂ ತುದಿಗೆ ಗೀಟು ಹಾಕಿದರು. ಸೊಸೆ ಏನೂ ಕೇಳದೆ ಕತ್ತರಿಸಿದಳು. ಆ ವರ್ಷ ಮೊದಲ ಹೂ ಹಿಂದಿನ ವರ್ಷಕ್ಕಿಂತ ಒಂದು ವಾರ ಮುಂಚೆಯೇ, ಅತ್ತೆಯ ಕೈಗೆ ಸಿಗುವ ಎತ್ತರದಲ್ಲಿ ಅರಳಿತು.